ಹಲ್ಲು ಸಾಲಿಗೆ ಬರುವ ದಾರಿ

ಕೊಪ್ಪಳದ ಬಸ್ ನಿಲ್ದಾಣ, ಬೆಳಗಿನ ಆರೂವರೆ. ಹುಬ್ಬಳ್ಳಿ ಬಸ್ಸಿನ ಕಿಟಕಿ ಪಕ್ಕ ತಾಯಿ ಕೂತಿದ್ದಾಳೆ. ಅವಳ ಹೆಗಲಿಗೆ ತಲೆಯಿಟ್ಟು ಒಂಬತ್ತನೇ ತರಗತಿಯ ಮಗಳು. ಕಾಲ ಬಳಿ ಬುತ್ತಿಯ ಚೀಲ, ತೊಡೆಯ ಮೇಲೆ ಎಕ್ಸ್‌ರೇ ಇಟ್ಟ ದೊಡ್ಡ ಲಕೋಟೆ. ಜನ ತುಂಬಿ ಮೈಮೇಲೆ ಬಿದ್ದರೂ ಲಕೋಟೆ ಮಡಚದಂತೆ ತಾಯಿ ಎರಡೂ ಕೈಯಿಂದ ಅದನ್ನು ನೆಟ್ಟಗೆ ಹಿಡಿದಿದ್ದಾಳೆ. ಕಂಡಕ್ಟರ್ ಬಂದಾಗ ಆಧಾರ್ ಕಾರ್ಡ್ ತೋರಿಸಿ ಎರಡು ಶೂನ್ಯ ಟಿಕೆಟ್ ಇಸಿದುಕೊಳ್ಳುತ್ತಾಳೆ.

‘ಯವ್ವಾ, ಇನ್ನ ಎಷ್ಟ ಸಲ ಹೋಗಬೇಕ?’ ಮಗಳು ಕೇಳುತ್ತಾಳೆ.

‘ಹಲ್ಲು ಸಾಲಿಗೆ ಬರೂತನಾ.’

ಮಗಳಿಗೆ ನಗು ಬರುತ್ತದೆ. ನಗುತ್ತಲೇ ಅಂಗೈ ತಾನಾಗಿ ಬಾಯಿಗೆ ಅಡ್ಡ ಹೋಗುತ್ತದೆ. ಶಾಲೆಯ ಗ್ರೂಪ್ ಫೋಟೊದಲ್ಲಿ ತುಟಿ ಬಿಗಿದು ನಿಂತು ನಿಂತು ಬಂದ ರೂಢಿ ಅದು.

ಇಂಥ ತಾಯಿ–ಮಗಳು, ತಂದೆ–ಮಗ ಗಂಗಾವತಿಯಲ್ಲೂ ಇದ್ದಾರೆ, ಕುಷ್ಟಗಿ, ಯಲಬುರ್ಗಾದಲ್ಲೂ ಇದ್ದಾರೆ. ಮಕ್ಕಳ ಹಲ್ಲಿಗೆ ‘ಕ್ಲಿಪ್ ಹಾಕಿಸಬೇಕು’, ‘ತಂತಿ ಕಟ್ಟಿಸಬೇಕು’ ಎಂಬ ಮಾತು ಈಗ ದೊಡ್ಡ ಊರಿನ, ದೊಡ್ಡವರ ಮನೆಯ ಮಾತಾಗಿ ಉಳಿದಿಲ್ಲ. ಮಾತು ಮನೆಗೆ ಬಂದಿದೆ, ಮಾಹಿತಿ ಬಂದಿಲ್ಲ. ನಿಜವಾಗಿ ಬೇಕೋ ಬೇಡವೋ, ಯಾವ ವಯಸ್ಸಿಗೆ, ಯಾರ ಹತ್ತಿರ, ಎಷ್ಟು ದುಡ್ಡಿಗೆ ಎಂಬುದು ಹೆಚ್ಚಿನವರಿಗೆ ಅರ್ಧ ಮಾತ್ರ ಗೊತ್ತು. ಗೊತ್ತಿಲ್ಲದ ಇನ್ನರ್ಧಕ್ಕೇ ಹೆಚ್ಚು ದುಡ್ಡು ಖರ್ಚಾಗುತ್ತದೆ.

ಸಾಲು ತಪ್ಪುವುದೇಕೆ?

ಹಾಲುಹಲ್ಲು 20, ಕಾಯಂ ಹಲ್ಲು 32. ಆರನೇ ವಯಸ್ಸಿನ ಹೊತ್ತಿಗೆ ಮೊದಲ ಕಾಯಂ ದವಡೆ ಹಲ್ಲು ಮೂಡುತ್ತದೆ, ಹನ್ನೆರಡರ ಸುಮಾರಿಗೆ ಎರಡನೆಯದು. ಈ ಆರು ವರ್ಷ ಬಾಯಿಯೊಳಗೆ ಹಳಬರು ಜಾಗ ಬಿಡುತ್ತ, ಹೊಸಬರು ಜಾಗ ಹಿಡಿಯುತ್ತ ಇರುತ್ತಾರೆ. ಈ ಅದಲುಬದಲಿನಲ್ಲಿ ಲೆಕ್ಕ ತಪ್ಪಿದರೆ ಸಾಲು ತಪ್ಪುತ್ತದೆ.

ಕಾರಣ ಹಲವು. ಕೆಲವು ಹುಟ್ಟಿನಿಂದ ಬಂದವು. ದವಡೆ ಚಿಕ್ಕದಾಗಿ ಹಲ್ಲು ಅಗಲವಾಗಿದ್ದರೆ ಹಲ್ಲಿನ ಮೇಲೆ ಹಲ್ಲು ಏರುತ್ತದೆ. ಮೇಲ್ದವಡೆ ಮುಂದೆ ಬೆಳೆದರೆ ಉಬ್ಬು ಹಲ್ಲು, ಕೆಳದವಡೆ ಮುಂದೆ ಬೆಳೆದರೆ ಕೆಳಗಿನ ಸಾಲು ಮೇಲಿನದನ್ನು ದಾಟಿ ನಿಲ್ಲುತ್ತದೆ. ಇನ್ನು ಕೆಲವು ರೂಢಿಯಿಂದ ಬಂದವು. ಐದಾರು ವರ್ಷ ದಾಟಿದರೂ ಬಿಡದ ಬೆರಳು ಚೀಪುವ ಚಟ, ಮೂಗು ಕಟ್ಟಿ ಸದಾ ಬಾಯಿಯಿಂದ ಉಸಿರಾಡುವುದು ಹಲ್ಲನ್ನು ಮುಂದೆ ತಳ್ಳುತ್ತವೆ.

ನಮ್ಮ ಮನೆಗಳಲ್ಲಿ ತೀರ ಸಾಮಾನ್ಯವಾದ ಕಾರಣ ಇನ್ನೊಂದಿದೆ. ‘ಹಾಲುಹಲ್ಲು ಹುಳುಕಾದರೇನು, ಹೆಂಗಿದ್ರೂ ಬಿದ್ದು ಹೋಗ್ತಾವ’ ಎಂದು ಸುಮ್ಮನಿರುತ್ತೇವೆ. ಹಾಲುಹಲ್ಲು ಬರಲಿರುವ ಹಲ್ಲಿಗೆ ಜಾಗ ಕಾದಿಡುವ ಆಳು. ಅದು ಹುಳುಕಾಗಿ ಮೂರು ವರ್ಷ ಮೊದಲೇ ಕಿತ್ತುಹೋದರೆ ಪಕ್ಕದ ಹಲ್ಲು ಜರುಗಿ ಆ ಜಾಗ ನುಂಗುತ್ತದೆ. ಒಳಗಿನ ಕಾಯಂ ಹಲ್ಲು ಬರುವ ಹೊತ್ತಿಗೆ ದಾರಿ ಮುಚ್ಚಿರುತ್ತದೆ, ಅದು ಸಿಕ್ಕಲ್ಲಿ ತಲೆ ಎತ್ತುತ್ತದೆ. ಎಂಟರ ವಯಸ್ಸಿನಲ್ಲಿ ಹುಳುಕು ತುಂಬಿಸಿದರೆ, ಇಲ್ಲವೇ ಕಿತ್ತ ಜಾಗ ಕಾಯುವ ಚಿಕ್ಕ ತಂತಿ ಹಾಕಿಸಿದರೆ ಸಣ್ಣ ಖರ್ಚಿನಲ್ಲಿ ಮುಗಿಯುವ ಕೆಲಸ ಇದು. ಬಿಟ್ಟರೆ ಹದಿನಾಲ್ಕಕ್ಕೆ ಹತ್ತಾರು ಸಾವಿರದ ಕ್ಲಿಪ್ ಆಗುತ್ತದೆ.

ತಂತಿ ಮಾಡುವ ಕೆಲಸ

ಹಲ್ಲು ಗಟ್ಟಿ, ಅದನ್ನು ಹಿಡಿದ ಮೂಳೆಯೂ ಗಟ್ಟಿ. ಹಾಗಿದ್ದರೆ ಸಣ್ಣ ತಂತಿ ಅದನ್ನು ಹೇಗೆ ಸರಿಸುತ್ತದೆ?

ಹಲ್ಲಿನ ಬೇರಿಗೂ ಮೂಳೆಗೂ ನಡುವೆ ತೆಳ್ಳನೆಯ ನಾರಿನ ಪೊರೆಯಿದೆ. ತಂತಿ ಹಲ್ಲನ್ನು ಮೆಲ್ಲಗೆ ಒಂದು ಕಡೆ ಒತ್ತಿದಾಗ ಆ ಕಡೆಯ ಪೊರೆ ಅದುಮಿದಂತಾಗುತ್ತದೆ. ಅಲ್ಲಿ ಮೂಳೆ ಕರಗಿಸುವ ಜೀವಕೋಶಗಳು ಸೇರಿ ಹಲ್ಲಿಗೆ ದಾರಿ ಬಿಡಿಸುತ್ತವೆ. ಹಿಂದಿನ ಕಡೆ ಪೊರೆ ಎಳೆದಂತಾಗಿ, ಅಲ್ಲಿ ಮೂಳೆ ಕಟ್ಟುವ ಜೀವಕೋಶಗಳು ಖಾಲಿ ಜಾಗ ತುಂಬುತ್ತವೆ. ಮುಂದೆ ಒಡೆಯುತ್ತ ಹಿಂದೆ ಕಟ್ಟುತ್ತ ಹಲ್ಲು ನಡೆಯುತ್ತದೆ, ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್.

ಈ ನಡಿಗೆಯನ್ನು ಓಡಿಸಲು ಬರುವುದಿಲ್ಲ. ಜೋರಾಗಿ ಒತ್ತಿದರೆ ಬೇರಿಗೇ ಪೆಟ್ಟು. ಅದಕ್ಕೇ ಚಿಕಿತ್ಸೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಹಿಡಿಯುತ್ತದೆ, ನಾಲ್ಕರಿಂದ ಆರು ವಾರಕ್ಕೊಮ್ಮೆ ವೈದ್ಯರು ತಂತಿ ನೋಡಿ ಸರಿಪಡಿಸಬೇಕಾಗುತ್ತದೆ. ಮಗಳ ಮದುವೆ ಗೊತ್ತಾದ ಮೇಲೆ ಬಂದು ‘ಮೂರು ತಿಂಗಳಾಗ ಸಾಲು ಮಾಡಿಕೊಡ್ರಿ’ ಎನ್ನುವವರಿಗೆ ಒಳ್ಳೆಯ ವೈದ್ಯರು ಕೈಮುಗಿಯುತ್ತಾರೆ.

ಈ ವಿದ್ಯೆಗೆ ಶತಮಾನ ದಾಟಿದೆ. ಅಮೆರಿಕದ ಎಡ್ವರ್ಡ್ ಆ್ಯಂಗಲ್ ಇದನ್ನು ದಂತವೈದ್ಯದ ಪ್ರತ್ಯೇಕ ಶಾಖೆಯಾಗಿ ಬೆಳೆಸಿದವರು. 1900ರಲ್ಲಿ ಇದಕ್ಕೆಂದೇ ಅವರು ಶಾಲೆ ತೆರೆದರು. ಮೊದಲೆಲ್ಲ ಪ್ರತಿ ಹಲ್ಲಿಗೂ ಲೋಹದ ಪಟ್ಟಿ ಸುತ್ತಬೇಕಿತ್ತು. ಹಲ್ಲಿನ ಮೇಲ್ಮೈಯನ್ನು ಆಮ್ಲದಿಂದ ಒರಟು ಮಾಡಿದರೆ ಅಂಟು ಗಟ್ಟಿಯಾಗಿ ಹಿಡಿಯುತ್ತದೆ ಎಂದು 1955ರಲ್ಲಿ ಮೈಕೆಲ್ ಬ್ಯೂನೊಕೋರ್ ತೋರಿಸಿಕೊಟ್ಟ ಮೇಲೆ, ಮುಂದೆ ಸಣ್ಣ ಬ್ರಾಕೆಟ್ಟುಗಳನ್ನು ಹಲ್ಲಿಗೆ ನೇರ ಅಂಟಿಸುವ ದಾರಿ ತೆರೆಯಿತು. ಬಾಗಿಸಿದರೂ ಮೊದಲಿನ ಆಕಾರಕ್ಕೆ ಮರಳುವ ನಿಕಲ್–ಟೈಟಾನಿಯಂ ತಂತಿ 1970ರ ದಶಕದಲ್ಲಿ ಬಾಯಿಗೆ ಬಂತು. ಕುಷ್ಟಗಿಯ ಹುಡುಗನ ಹಲ್ಲಿಗೆ ಇವತ್ತು ಹಾಕುವ ಕ್ಲಿಪ್ಪಿನಲ್ಲಿ ಇವರೆಲ್ಲರ ಕೆಲಸ ಸೇರಿದೆ.

ಮೊದಲ ಪ್ರಶ್ನೆ: ಬೇಕೇ?

ದರ ಕೇಳುವ ಮೊದಲು ಅಗತ್ಯ ಕೇಳಬೇಕು. ಎಲ್ಲ ಸೊಟ್ಟ ಹಲ್ಲಿಗೂ ಚಿಕಿತ್ಸೆ ಬೇಕಿಲ್ಲ. ಒಂದು ಹಲ್ಲು ಚೂರು ತಿರುಗಿದ್ದರೆ, ಎರಡರ ನಡುವೆ ಸಣ್ಣ ಸಂದಿ ಇದ್ದರೆ, ಅಗಿಯಲು ಉಜ್ಜಲು ತೊಂದರೆ ಇಲ್ಲದಿದ್ದರೆ, ಮಗುವಿಗೂ ಅದರ ಚಿಂತೆ ಇಲ್ಲದಿದ್ದರೆ ಸುಮ್ಮನೆ ಬಿಡಬಹುದು.

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಇದಕ್ಕೊಂದು ಅಳತೆ ಇಟ್ಟುಕೊಂಡಿದೆ. ಅಲ್ಲಿ 18ರೊಳಗಿನವರಿಗೆ ಕ್ಲಿಪ್ ಚಿಕಿತ್ಸೆ ಉಚಿತ, ಆದರೆ ಕೇಳಿದವರಿಗೆಲ್ಲ ಇಲ್ಲ. ಅಗತ್ಯವನ್ನು 1ರಿಂದ 5ರವರೆಗೆ ದರ್ಜೆ ಮಾಡುತ್ತಾರೆ. 4 ಮತ್ತು 5 ಬಂದವರಿಗೆ ಚಿಕಿತ್ಸೆ ಸಿಗುತ್ತದೆ, 3ರಲ್ಲಿ ಹಲ್ಲು ಕಾಣುವ ರೀತಿ ನೋಡಿ ಕೆಲವರಿಗೆ ಸಿಗುತ್ತದೆ. ಶ್ರೀಮಂತ ದೇಶವೇ ಹೀಗೆ ಅಳೆದು ಕೊಡುವಾಗ ಕೈಬಿಗಿ ಇರುವ ನಾವು ಅಳೆಯದೆ ಸಾಲ ಮಾಡುವುದು ಬೇಡ.

ತಡಮಾಡಬಾರದ ಲಕ್ಷಣಗಳೂ ಇವೆ. ಮೇಲಿನ ಬಾಚಿಹಲ್ಲು ತುಟಿ ಮುಚ್ಚಲಾಗದಷ್ಟು ಮುಂದೆ ಬಂದಿದ್ದರೆ ಗಮನಿಸಿ. ಬಿದ್ದಾಗ, ಆಟದಲ್ಲಿ ಪೆಟ್ಟಾದಾಗ ಮೊದಲು ಮುರಿಯುವುದು ಇಂಥ ಹಲ್ಲೇ. ಕೆಳಗಿನ ಹಲ್ಲು ಮೇಲಿನ ಅಂಗುಳಕ್ಕೆ ಚುಚ್ಚುತ್ತಿದ್ದರೆ, ಕೆಳದವಡೆ ಮೇಲಿನದನ್ನು ದಾಟಿದ್ದರೆ, ಹದಿಮೂರು ದಾಟಿದರೂ ಕೋರೆಹಲ್ಲು ಮೂಡದೆ ಒಳಗೇ ಉಳಿದಿದ್ದರೆ, ಒಂದರ ಮೇಲೊಂದು ಏರಿದ ಹಲ್ಲಿನ ಸಂದಿಯಲ್ಲಿ ಬ್ರಷ್ ಆಡದೆ ಒಸಡು ಬಾತು ರಕ್ತ ಬರುತ್ತಿದ್ದರೆ ತೋರಿಸಲೇಬೇಕು. ಏಳೆಂಟು ವಯಸ್ಸಿಗೆ ಒಮ್ಮೆ ತೋರಿಸಿದರೆ ಸಾಕಷ್ಟು ತಿಳಿಯುತ್ತದೆ. ಕ್ಲಿಪ್ ಹಾಕುವ ಹದವಾದ ಕಾಲ ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು.

ಇನ್ನೊಂದು ಲಕ್ಷಣ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ತರಗತಿಯಲ್ಲಿ ‘ಉಬ್ಬಲ್ಲು’ ಎಂದು ಕರೆಸಿಕೊಂಡ ಮಗು ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುವುದಿಲ್ಲ. ಅದೂ ನೋವೇ, ಅದನ್ನೂ ವೈದ್ಯರ ಮುಂದೆ ಹೇಳಬೇಕು. ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು. ನೋಡಲು ಬರುವ ಗಂಡಿನ ಕಡೆಯವರಿಗಾಗಿ ಕ್ಲಿಪ್ ಹಾಕಿಸಬೇಡಿ. ಮಗಳು ಚೆನ್ನಾಗಿ ಅಗಿಯಲಿ, ಕೈ ಅಡ್ಡ ಇಡದೆ ನಗಲಿ ಎಂದು ಹಾಕಿಸಿ. ಕಾರಣ ಸರಿ ಇದ್ದರೆ ವಯಸ್ಸೂ ಸರಿಯಾಗಿ ಕೂಡಿಬರುತ್ತದೆ.

ಕ್ಲಿಪ್ಪಿನ ದರ, ದಾರಿಯ ದರ

ಖಾಸಗಿ ಕ್ಲಿನಿಕ್ಕುಗಳಲ್ಲಿ ಸಾಮಾನ್ಯ ಮೆಟಲ್ ಕ್ಲಿಪ್ಪಿಗೆ 25ರಿಂದ 45 ಸಾವಿರ ರೂಪಾಯಿಯ ಒಳಗೆ ಹೇಳುವುದೇ ಹೆಚ್ಚು. ಹಲ್ಲಿನ ಬಣ್ಣದ ಸೆರಾಮಿಕ್ ಕ್ಲಿಪ್ಪಿಗೆ ಇನ್ನಷ್ಟು. ತಂತಿಯಿಲ್ಲದ, ತೆಗೆದು ಹಾಕುವ ಪಾರದರ್ಶಕ ಅಲೈನರ್ ಬಹಳ ಸಲ ಲಕ್ಷದ ಮಾತು. ಕೆಲಸದ ದೃಷ್ಟಿಯಿಂದ ಹದಿಹರೆಯದವರಿಗೆ ಮೆಟಲ್ ಕ್ಲಿಪ್ ಯಾವುದಕ್ಕೂ ಕಡಿಮೆಯಿಲ್ಲ. ಅದು ಗಟ್ಟಿ, ಅಗ್ಗ, ತೊಡಕಿನ ಹಲ್ಲಿಗೂ ಆಗುತ್ತದೆ. ಎದ್ದು ಕಾಣುತ್ತದೆ ಎಂಬುದೊಂದೇ ಅದರ ಕೊರತೆ.

ದಂತ ವೈದ್ಯಕೀಯ ಕಾಲೇಜುಗಳಲ್ಲಿ ದರ ಇದಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ. ಅಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಣೆದುರು ಚಿಕಿತ್ಸೆ ಮಾಡುತ್ತಾರೆ. ‘ಕಲಿಯೋರ ಕೈಗೆ ಕೊಡೂದು ಬ್ಯಾಡ’ ಎಂಬ ಅಂಜಿಕೆ ಸಹಜ. ಆದರೆ ಈ ‘ವಿದ್ಯಾರ್ಥಿ’ ಐದು ವರ್ಷ ಓದಿ ದಂತವೈದ್ಯರಾದ ಮೇಲೆ ಇದೊಂದೇ ವಿಷಯವನ್ನು ಮೂರು ವರ್ಷ ಕಲಿಯುತ್ತಿರುವವರು. ನಿಮ್ಮ ಮಗುವಿನ ಪ್ರತಿ ತಂತಿಯನ್ನೂ ಎರಡು ಜೊತೆ ಕಣ್ಣು ನೋಡುತ್ತವೆ. ಸಮಯ ಹೆಚ್ಚು ಹಿಡಿಯಬಹುದು, ಸಾಲಿನಲ್ಲಿ ಕಾಯಬೇಕಾಗಬಹುದು.

ನಮ್ಮ ಜಿಲ್ಲೆಯವರ ನಿಜವಾದ ಲೆಕ್ಕ ಶುರುವಾಗುವುದು ಇಲ್ಲಿಂದ. ಕ್ಲಿಪ್ ಎಂದರೆ ಒಂದು ಸಲ ಕೊಟ್ಟು ತರುವ ವಸ್ತುವಲ್ಲ, ಇಪ್ಪತ್ತು ಸಲದ ಪ್ರಯಾಣ. ತಂದೆ–ಮಗ ದೂರದ ಕಾಲೇಜಿಗೆ ಹೋಗಿ ಬರಲು ಬಸ್ಸು, ಊಟ, ತಪ್ಪಿದ ಕೂಲಿ ಸೇರಿ ಒಂದು ಸಲಕ್ಕೆ 900 ರೂಪಾಯಿ ಎಂದಿಟ್ಟುಕೊಳ್ಳಿ. ಇಪ್ಪತ್ತು ಸಲಕ್ಕೆ 18,000. ಕಾಲೇಜಿನಲ್ಲಿ 15,000 ಆದರೂ ಒಟ್ಟು 33,000. ಅದೇ ಊರಿನ ಕ್ಲಿನಿಕ್ಕಿನಲ್ಲಿ 32,000 ಕೇಳಿದರೆ ಎರಡೂ ಹೆಚ್ಚುಕಡಿಮೆ ಒಂದೇ. ತಾಯಿ–ಮಗಳಾದರೆ ಲೆಕ್ಕ ತಿರುಗುತ್ತದೆ. 2023ರ ಜೂನ್ 11ರಿಂದ ನಡೆಯುತ್ತಿರುವ ಶಕ್ತಿ ಯೋಜನೆಯಲ್ಲಿ ಇಬ್ಬರಿಗೂ ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲ. ಆಗ ದೂರದ ಕಾಲೇಜೇ ಅಗ್ಗ. ಹಾಗಾಗಿ ‘ಎಲ್ಲಿ ಕಡಿಮೆ’ ಎಂಬ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ನಿಮ್ಮ ಮನೆಯ ಲೆಕ್ಕವನ್ನು ನೀವೇ ಒಂದು ಹಾಳೆಯ ಮೇಲೆ ಹಾಕಿನೋಡಬೇಕು.

ಯಾವ ಊರಿಂದ ಯಾವ ದಾರಿ?

ಕೊಪ್ಪಳ ಜಿಲ್ಲೆಯಲ್ಲಿ ವೈದ್ಯಕೀಯ ಕಾಲೇಜಿದೆ, ದಂತ ವೈದ್ಯಕೀಯ ಕಾಲೇಜು ಇಲ್ಲ. ಸುತ್ತಲಿನ ಜಿಲ್ಲೆಗಳಲ್ಲಿವೆ.

ಕೊಪ್ಪಳದವರಿಗೆ ಎರಡು ದಿಕ್ಕು. ಪೂರ್ವಕ್ಕೆ ಹೊಸಪೇಟೆ ದಾಟಿ ಬಳ್ಳಾರಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜು, ಸುಮಾರು ನೂರು ಕಿಲೋಮೀಟರ್. ಪಶ್ಚಿಮಕ್ಕೆ ಗದಗ, ಹುಬ್ಬಳ್ಳಿ ದಾಟಿ ಧಾರವಾಡದ ಸತ್ತೂರಿನಲ್ಲಿ 1986ರಲ್ಲಿ ಶುರುವಾದ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜು. ಎರಡೂ ದಿಕ್ಕಿಗೆ ರೈಲಿದೆ.

ಗಂಗಾವತಿಯವರಿಗೆ ಬಳ್ಳಾರಿ ಹತ್ತಿರ. ಕಾರಟಗಿ, ಸಿಂಧನೂರು, ಮಾನ್ವಿ ದಾರಿಯಲ್ಲಿ ಹೋದರೆ ರಾಯಚೂರಿನಲ್ಲಿ ನವೋದಯ ಮತ್ತು ಎಎಂಇ ದಂತ ಕಾಲೇಜುಗಳಿವೆ. ಕುಷ್ಟಗಿಯವರಿಗೆ ಇಳಕಲ್ ದಾರಿಯಲ್ಲಿ ಬಾಗಲಕೋಟೆಯ ಪಿಎಂಎನ್‌ಎಂ ದಂತ ಕಾಲೇಜು ಕೈಗೆಟಕುತ್ತದೆ. ಗದಗ–ವಾಡಿ ಮಾರ್ಗದ ಮೊದಲ ಭಾಗ ಮುಗಿದು 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಮೊದಲ ರೈಲು ಬಂದ ಮೇಲೆ ಕುಷ್ಟಗಿ, ಯಲಬುರ್ಗಾ ಭಾಗದವರಿಗೆ ಹುಬ್ಬಳ್ಳಿಯ ದಾರಿಯೂ ಸಲೀಸಾಗಿದೆ.

ದೂರ ಹೋಗುವ ಮೊದಲು ಊರಿನಲ್ಲೇ ಮಾಡಬಹುದಾದ ಕೆಲಸವಿದೆ. ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ಮೊದಲು ತೋರಿಸಿ. ಹುಳುಕು ತುಂಬುವುದು, ಒಸಡು ಸ್ವಚ್ಛ ಮಾಡುವುದು, ಬೇಕಿದ್ದರೆ ಹಲ್ಲು ಕೀಳುವುದು ಅಲ್ಲೇ ಮುಗಿದರೆ ದೂರದ ಎರಡು ಮೂರು ಪ್ರಯಾಣ ಉಳಿಯುತ್ತವೆ. ಕಾಲೇಜಿಗೆ ಹೋದಾಗ ‘ಆರ್ಥೊ ವಿಭಾಗ ಎಲ್ಲೈತ್ರಿ’ ಎಂದು ಕೇಳಿ. ಅದೇ ಕ್ಲಿಪ್ಪಿನ ವಿಭಾಗ.

ನಮ್ಮ ಊರುಗಳ ಕ್ಲಿನಿಕ್ಕುಗಳಿಗೆ ಹೊರಗಿನ ತಜ್ಞರು ತಿಂಗಳಿಗೆ ಒಂದೆರಡು ದಿನ ಬಂದು ನೋಡುವುದೂ ಉಂಟು. ಇದು ಒಳ್ಳೆಯ ಅನುಕೂಲ. ಆದರೆ ತಜ್ಞರು ಬರುವ ದಿನಗಳ ನಡುವೆ ತಂತಿ ಕೆನ್ನೆಗೆ ಚುಚ್ಚಿದರೆ ಯಾರು ನೋಡುತ್ತಾರೆ ಎಂದು ಮೊದಲೇ ಕೇಳಿಟ್ಟುಕೊಳ್ಳಬೇಕು.

ಮುಂಗಡ ಕೊಡುವ ಮೊದಲು

ಕ್ಲಿಪ್ ಹಾಕುವವರು ಆರ್ಥೊಡಾಂಟಿಕ್ಸ್‌ನಲ್ಲಿ ಎಂಡಿಎಸ್ ಮಾಡಿದವರೇ ಎಂದು ಕೇಳುವುದು ಅವಮಾನವಲ್ಲ, ನಿಮ್ಮ ಹಕ್ಕು. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಕ್ಲಿನಿಕ್ಕು ನೋಂದಣಿ ಮಾಡಿಸಿರಬೇಕು, ದರಪಟ್ಟಿ ಜನರಿಗೆ ಕಾಣುವಂತೆ ಇಡಬೇಕು.

ಹೇಳಿದ ದುಡ್ಡಿನಲ್ಲಿ ಏನೇನು ಸೇರಿದೆ ಎಂದು ಬರೆಸಿಕೊಳ್ಳಿ. ಎಕ್ಸ್‌ರೇ, ಹಲ್ಲು ಕೀಳುವುದು, ಕಿತ್ತುಬಂದ ಬ್ರಾಕೆಟ್ ಮತ್ತೆ ಅಂಟಿಸುವುದು, ಕೊನೆಗೆ ಹಾಕುವ ರಿಟೇನರ್ ಇವೆಲ್ಲ ಸೇರಿಯೋ, ಬೇರೆಯೋ? ಕಡಿಮೆ ಹೇಳಿ ಆಮೇಲೆ ಒಂದೊಂದಕ್ಕೂ ಕೇಳುವುದಕ್ಕಿಂತ ಎಲ್ಲ ಸೇರಿಸಿ ಹೇಳಿದ ದರ ಎಷ್ಟೋ ಮೇಲು.

ಕಂತಿನಲ್ಲಿ ಕೊಡಬಹುದೇ ಎಂದು ಸಂಕೋಚವಿಲ್ಲದೆ ಕೇಳಿ. ಚಿಕಿತ್ಸೆಯೇ ಹದಿನೆಂಟು ತಿಂಗಳದ್ದಾದ್ದರಿಂದ ಬಹಳಷ್ಟು ವೈದ್ಯರು ಒಪ್ಪುತ್ತಾರೆ. 36,000 ರೂಪಾಯಿಯನ್ನು ಹದಿನೆಂಟಕ್ಕೆ ಹಂಚಿದರೆ ತಿಂಗಳಿಗೆ 2,000. ಗೃಹಲಕ್ಷ್ಮಿಯ ತಿಂಗಳ ಹಣವೂ ಅಷ್ಟೇ. ಆ ಹಣ ಹೊಟ್ಟೆಬಟ್ಟೆಗೇ ಸಾಲದ ಮನೆಗಳಿವೆ. ಅದನ್ನು ಸ್ವಲ್ಪ ಎತ್ತಿಡಬಲ್ಲ ತಾಯಿಗೆ ಮಾತ್ರ ಬಡ್ಡಿ ಸಾಲಕ್ಕೆ ಹೋಗದೆ ಮಗುವಿನ ಹಲ್ಲು ಸರಿಮಾಡಿಸುವ ದಾರಿ ಇದು.

ಸರ್ಕಾರದ ಕೈ ಎಲ್ಲಿಯವರೆಗೆ?

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ತೋರಿಸಿದರೆ ಕ್ಲಿಪ್ ಹಾಕುತ್ತಾರೆಯೇ ಎಂದು ಅನೇಕರು ಕೇಳುತ್ತಾರೆ. ಆ ಯೋಜನೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ ರೂಪಿಸಿದ್ದು. ಕುರ್ಚಿಯಲ್ಲಿ ಕೂತು ಎರಡು ವರ್ಷ ಪಡೆಯುವ ಕ್ಲಿಪ್ ಚಿಕಿತ್ಸೆಗೆ ಅದನ್ನು ನೆಚ್ಚಿಕೊಂಡು ಕೂರಬಾರದು.

ಒಂದು ಮುಖ್ಯ ವ್ಯತ್ಯಾಸ ಗೊತ್ತಿರಲಿ. ಸೀಳುತುಟಿ, ಸೀಳು ಅಂಗುಳದೊಂದಿಗೆ ಹುಟ್ಟಿದ ಮಕ್ಕಳ ಹಲ್ಲು ಸಾಲು ತಪ್ಪುವುದು ಸಾಮಾನ್ಯ. ಅವರಿಗೆ ಶಸ್ತ್ರಚಿಕಿತ್ಸೆಯಿಂದ ಹಿಡಿದು ಹಲ್ಲಿನ ಚಿಕಿತ್ಸೆಯವರೆಗೆ ವರ್ಷಗಟ್ಟಲೆ ಆರೈಕೆ ಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತದೆ. ಅದರ ಪಟ್ಟಿಯಲ್ಲಿ ಸೀಳುತುಟಿಯೂ ಇದೆ, ಹಲ್ಲಿನ ಹುಳುಕೂ ಇದೆ. ಶಾಲೆಗೆ, ಅಂಗನವಾಡಿಗೆ ಬರುವ ಆ ತಂಡದ ವೈದ್ಯರಿಗೆ ಮಗುವಿನ ಬಾಯಿ ತೋರಿಸಿ ಚೀಟಿ ಬರೆಸಿಕೊಳ್ಳಿ. ಇಂಥ ಮಕ್ಕಳ ಮನೆಯವರು ಸ್ವಂತ ದುಡ್ಡಿನ ದಾರಿ ಹಿಡಿಯುವ ಮೊದಲು ಈ ಬಾಗಿಲು ತಟ್ಟಬೇಕು.

ಫ್ಲೋರೈಡ್ ನೀರಿನ ಹಲ್ಲು

ನಮ್ಮ ಸೀಮೆಗೆ ಇನ್ನೊಂದು ತೊಡಕಿದೆ. ಕುಷ್ಟಗಿ, ಯಲಬುರ್ಗಾ ಭಾಗದ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಸೈರಿಸಬಹುದು ಎಂಬುದು ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿನ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಮಚ್ಚೆ, ಹಳದಿ–ಕಂದು ಪಟ್ಟೆ ಕಾಣುತ್ತವೆ.

ಎಷ್ಟೋ ಮನೆಯವರು ಇದನ್ನು ಹೊಲಸು ಎಂದುಕೊಂಡು ಮಕ್ಕಳಿಗೆ ಇಟ್ಟಿಗೆ ಪುಡಿ, ಇದ್ದಿಲು ಹಾಕಿ ಉಜ್ಜಿಸುತ್ತಾರೆ. ಅದು ಹಲ್ಲಿನ ಹೊಳಪು ಸವೆಸುತ್ತದೆ, ಕಲೆ ಹೋಗುವುದಿಲ್ಲ. ಎಂಟು ವರ್ಷದೊಳಗೆ, ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಕೂತ ಕಲೆ ಅದು.

ಕ್ಲಿಪ್ಪಿಗೂ ಇದಕ್ಕೂ ನೇರ ಸಂಬಂಧವಿದೆ. ಫ್ಲೋರೈಡ್ ಹೊಡೆತ ತಿಂದ ಹಲ್ಲಿನ ಮೇಲೆ ಬ್ರಾಕೆಟ್ ಸುಲಭವಾಗಿ ಕಚ್ಚಿಕೊಳ್ಳುವುದಿಲ್ಲ, ಮತ್ತೆ ಮತ್ತೆ ಕಿತ್ತು ಬರುತ್ತದೆ. ವೈದ್ಯರಿಗೆ ಗೊತ್ತಿದ್ದರೆ ಆಮ್ಲ ಹಚ್ಚಿ ಬಿಡುವ ಹೊತ್ತನ್ನು ಹೆಚ್ಚಿಸಿ, ತಕ್ಕ ಅಂಟು ಬಳಸಿ ಅಂಟಿಸುತ್ತಾರೆ. ಹಾಗಾಗಿ ‘ನಮ್ಮೂರಿನ ನೀರು ಹಿಂಗೈತ್ರಿ’ ಎಂದು ಮೊದಲ ದಿನವೇ ಹೇಳಿ. ಕ್ಲಿಪ್ ಸಾಲು ಸರಿಮಾಡುತ್ತದೆ, ಬಣ್ಣ ಬದಲಿಸುವುದಿಲ್ಲ. ಬಣ್ಣಕ್ಕೆ ಬೇರೆ ಚಿಕಿತ್ಸೆ ಇದೆ, ಅದು ಕ್ಲಿಪ್ ತೆಗೆದ ಮೇಲಿನ ಮಾತು. ದೊಡ್ಡ ಮಗಳ ಹಲ್ಲಿಗೆ ಇನ್ನು ನೀರು ಬದಲಿಸಿ ಉಪಯೋಗವಿಲ್ಲ. ತೊಟ್ಟಿಲಲ್ಲಿರುವ ತಮ್ಮನಿಗೆ ಇವತ್ತಿನಿಂದಲೇ ಶುದ್ಧ ನೀರು ಕುಡಿಸಿದರೆ ಅವನ ಹಲ್ಲು ಉಳಿಯುತ್ತದೆ.

ಅಗ್ಗದ ಆಮಿಷ

ದುಡ್ಡಿಲ್ಲದವರ ಆಸೆಯ ಮೇಲೆ ವ್ಯಾಪಾರ ಮಾಡುವವರು ಎಲ್ಲ ಕಡೆ ಇದ್ದಾರೆ. ಹಲ್ಲಿನ ಸಂದಿ ಮುಚ್ಚಲು ರಬ್ಬರ್ ಬ್ಯಾಂಡ್ ಹಾಕಿಕೊಳ್ಳಿ ಎನ್ನುವ ವಿಡಿಯೊಗಳನ್ನು ಮಕ್ಕಳು ಮೊಬೈಲಿನಲ್ಲಿ ನೋಡುತ್ತಾರೆ. ಆ ರಬ್ಬರ್ ಒಸಡಿನ ಒಳಗೆ ಜಾರಿ, ಬೇರಿನ ಗುಂಟ ಮೇಲೇರಿ, ಒಳ್ಳೆಯ ಹಲ್ಲೇ ಅಲುಗಿ ಬಿದ್ದ ಪ್ರಕರಣಗಳನ್ನು ದಂತವೈದ್ಯರು ದಾಖಲಿಸಿದ್ದಾರೆ. ಥಾಯ್ಲೆಂಡ್‌ನಲ್ಲಿ ಹದಿಹರೆಯದವರು ಶೋಕಿಗೆ ನಕಲಿ ಕ್ಲಿಪ್ ಹಾಕಿಸಿಕೊಳ್ಳುವುದು ಹೆಚ್ಚಾಗಿ ಸರ್ಕಾರವೇ ಅದನ್ನು ನಿಷೇಧಿಸಬೇಕಾಯಿತು. ಅಮೆರಿಕದಲ್ಲಿ ಅಂಚೆಯ ಮೂಲಕ ಕಡಿಮೆ ದರದ ಅಲೈನರ್ ಕಳಿಸುತ್ತಿದ್ದ ಸ್ಮೈಲ್ ಡೈರೆಕ್ಟ್ ಕ್ಲಬ್ ಕಂಪನಿ 2023ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿತು. ಅರ್ಧ ಚಿಕಿತ್ಸೆಯಲ್ಲಿದ್ದವರು ಹಾಗೇ ಉಳಿದರು.

ಹಲ್ಲನ್ನು ಸರಿಸುವುದು ಮೂಳೆಯ ಕೆಲಸ. ಬಾಯಿಯನ್ನು ಕಣ್ಣಾರೆ ನೋಡುವ, ಎಕ್ಸ್‌ರೇ ಓದುವ ವೈದ್ಯರಿಲ್ಲದೆ ಅದು ನಡೆಯಬಾರದು.

ರೊಟ್ಟಿ, ಬ್ರಷ್, ಗುಳೆ

ಕ್ಲಿಪ್ ಹಾಕಿಸಿಕೊಂಡು ಬಂದ ಮೊದಲ ವಾರ ಮನೆಯ ಅಡುಗೆಮನೆಗೇ ಹೊಸ ಪಾಠ. ಹಲ್ಲು ಜುಮ್ಮೆನ್ನುತ್ತದೆ, ನೋಯುತ್ತದೆ. ಅನ್ನ–ಸಾರು, ನುಚ್ಚು–ಮಜ್ಜಿಗೆ, ಬಾಳೆಹಣ್ಣು ಸಾಕು. ಆಮೇಲೂ ಖಡಕ್ ರೊಟ್ಟಿ ಕಚ್ಚಿ ಮುರಿಯುವಂತಿಲ್ಲ. ಬಿಸಿರೊಟ್ಟಿ ಆಗಬಹುದು, ಖಡಕ್ ಆದರೆ ಮುರಿದು ಕಾಳುಪಲ್ಲೆಯಲ್ಲಿ ನೆನೆಸಿ ತಿನ್ನಬೇಕು. ಹುರಿಗಡಲೆ, ಕಬ್ಬು, ಗಟ್ಟಿ ಪೇರಲ, ಚಿಕ್ಕಿ, ಅಂಟು ಚಾಕೊಲೇಟ್ ದೂರ. ಒಂದು ಬ್ರಾಕೆಟ್ ಕಿತ್ತರೆ ಒಂದು ಪ್ರಯಾಣ ಹೆಚ್ಚು, ಚಿಕಿತ್ಸೆ ಒಂದು ತಿಂಗಳು ಹಿಂದೆ.

ಉಂಡಮೇಲೆಲ್ಲ ಉಜ್ಜಬೇಕು. ತಂತಿಯ ಸಂದಿಯಲ್ಲಿ ಉಳಿದ ಅನ್ನದ ಅಗುಳು ಹುಳುಕಿಗೆ ಬೀಜ. ಸರಿಯಾಗಿ ಉಜ್ಜದ ಮಕ್ಕಳಿಗೆ ಕ್ಲಿಪ್ ತೆಗೆದ ದಿನ ಪ್ರತಿ ಹಲ್ಲಿನ ಮೇಲೂ ಬ್ರಾಕೆಟ್ಟಿನ ಸುತ್ತ ಬಿಳಿ ಗುರುತು ಉಳಿದಿರುತ್ತದೆ.

ಇನ್ನು ಗುಳೆ. ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಮಂಗಳೂರು, ಗೋವಾ ಎಂದು ದುಡಿಯಲು ಹೋಗುವ ಮನೆಗಳಲ್ಲಿ ಚಿಕಿತ್ಸೆ ನಡುವೆಯೇ ನಿಂತುಬಿಡುತ್ತದೆ. ತಂತಿ ಬಾಯಲ್ಲೇ ಇರುತ್ತದೆ, ನೋಡುವವರಿಲ್ಲದೆ ಹಲ್ಲು ದಿಕ್ಕು ತಪ್ಪುತ್ತದೆ, ಒಳಗೆ ಹುಳುಕು ಹಿಡಿಯುತ್ತದೆ. ಅರ್ಧಕ್ಕೆ ಬಿಟ್ಟ ಕ್ಲಿಪ್ಪಿಗಿಂತ ಹಾಕಿಸದ ಹಲ್ಲೇ ವಾಸಿ. ಊರು ಬಿಡುವುದು ಗೊತ್ತಿದ್ದರೆ ಮೊದಲೇ ವೈದ್ಯರಿಗೆ ಹೇಳಿ ಎಕ್ಸ್‌ರೇ, ಅಚ್ಚು, ಚೀಟಿಗಳನ್ನು ಪಡೆದು ಹೋದ ಊರಿನಲ್ಲಿ ಮುಂದುವರಿಸಬೇಕು. ಇಲ್ಲವೇ ಮಗುವನ್ನು ಅಜ್ಜಿಯ ಹತ್ತಿರ ಬಿಡುವ ವರ್ಷಕ್ಕೆ ಚಿಕಿತ್ಸೆ ಹೊಂದಿಸಿಕೊಳ್ಳಬೇಕು.

ಕ್ಲಿಪ್ ತೆಗೆದ ದಿನ ಕೆಲಸ ಮುಗಿಯುವುದಿಲ್ಲ. ಹೊಸ ಜಾಗದಲ್ಲಿ ಮೂಳೆ ಗಟ್ಟಿಯಾಗುವ ತನಕ ಹಲ್ಲು ಹಳೆಯ ಜಾಗಕ್ಕೆ ಮರಳಲು ಹವಣಿಸುತ್ತದೆ. ಅದನ್ನು ತಡೆಯುವುದು ರಿಟೇನರ್. ಅದನ್ನು ಡಬ್ಬಿಯಲ್ಲಿಟ್ಟು ಮರೆತರೆ ಎರಡು ವರ್ಷದ ದುಡ್ಡು ಮತ್ತು ದಾರಿ ಎರಡೂ ನೀರಿಗೆ ಹೋದಂತೆ.

ಕುರ್ಚಿ ಇಲ್ಲಿಗೇ ಬರಲಿ

ಕ್ಲಿಪ್ ಅಗ್ಗವಾಯಿತೋ ಇಲ್ಲವೋ ಎಂಬುದು ಮೊದಲ ದಿನದ ದರದಿಂದ ತೀರ್ಮಾನವಾಗುವುದಿಲ್ಲ. ಕೊನೆಯ ದಿನ ಚಿಕಿತ್ಸೆ ಮುಗಿದಿದ್ದರೆ ಅದು ಅಗ್ಗ. ಮುಗಿಸಲು ಬೇಕಾದ್ದು ಹತ್ತಿರದಲ್ಲೊಂದು ಕುರ್ಚಿ, ತಿಂಗಳಿಗೊಮ್ಮೆ ಬರುವ ಒಬ್ಬ ತಜ್ಞರು.

ಇದು ಆಗದ ಮಾತಲ್ಲ. ಹಲ್ಲು ಉದುರಿದ ಬಡ ಹಿರಿಯರಿಗೆ ದಂತ ಕಾಲೇಜುಗಳ ಮೂಲಕ ಉಚಿತವಾಗಿ ಹಲ್ಲಿನ ಸೆಟ್ ಕಟ್ಟಿಸಿಕೊಡುವ ದಂತಭಾಗ್ಯ ಯೋಜನೆಯನ್ನು ಈ ರಾಜ್ಯವೇ ತಂದಿದೆ. ಅಜ್ಜನಿಗೆ ಸಿಕ್ಕಿದ್ದು ಮೊಮ್ಮಗಳಿಗೂ ಸಿಗಬೇಕು. ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ತಿಂಗಳಿಗೆ ಎರಡು ದಿನ ‘ಕ್ಲಿಪ್ ದಿನ’ ಎಂದು ಇಟ್ಟು, ಬಳ್ಳಾರಿ, ಧಾರವಾಡ, ರಾಯಚೂರು, ಬಾಗಲಕೋಟೆಯ ಕಾಲೇಜುಗಳ ತಜ್ಞರನ್ನು ಸರದಿಯಂತೆ ಕರೆಸಬಹುದು. ಶಾಲೆಗೆ ಹೋಗುವ ತಪಾಸಣಾ ತಂಡವೇ ಮಕ್ಕಳ ಹಲ್ಲನ್ನು ದರ್ಜೆ ಮಾಡಿ, ತೀರ ಅಗತ್ಯ ಇರುವವರನ್ನು ಅಲ್ಲಿಗೆ ಕಳಿಸಬಹುದು. ಹಿಂದುಳಿದ ಈ ಭಾಗಕ್ಕೆಂದೇ ಇರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇದರ ಖರ್ಚು ಹೊರೆಯಾಗದು.

ಶಾಸಕರು, ಜಿಲ್ಲಾಧಿಕಾರಿಗಳು, ಆರೋಗ್ಯಾಧಿಕಾರಿಗಳು ಇದನ್ನು ಕೈಗೆತ್ತಿಕೊಳ್ಳಲಿ. ಅಲ್ಲಿಯವರೆಗೆ ತಂದೆತಾಯಂದಿರು ಮಾಡಬೇಕಾದ ಕೆಲಸ ಒಂದಿದೆ. ಇವತ್ತು ರಾತ್ರಿ ಊಟಕ್ಕೆ ಕೂತಾಗ ಏಳೆಂಟು ವರ್ಷದ ಮಗುವಿನ ಬಾಯಿ ತೆರೆಸಿ, ಬೆಳಕು ಹಿಡಿದು ನೋಡಿ. ಹುಳುಕು ಕಂಡರೆ, ಹಲ್ಲಿನ ಹಿಂದೆ ಹಲ್ಲು ಕಂಡರೆ ಸೋಮವಾರವೇ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಆ ಒಂದು ಭೇಟಿಯಿಂದ ಮುಂದಿನ ಇಪ್ಪತ್ತು ಪ್ರಯಾಣ ಉಳಿಯಬಹುದು.